ಮಾಳಮ್ಮನ ಕಂಬಳಿ, ರುದ್ರಪ್ಪ ಡಾಕ್ಟ್ರ ಸೂಜಿ

ಹೋದ ತಿಂಗಳು ದುರ್ಗದಿಂದ ಹೊಸದುರ್ಗಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಹೊಳಲ್ಕೆರೆ ದಾಟಿದ ಮೇಲೆ ಮಳೆ ಹಿಡಿಯಿತು. ಯಾವುದೋ ಗೇಟಿನ ಹತ್ತಿರ ಕುರಿ ಕಾಯುವ ಹಿರಿಯರೊಬ್ಬರು ಹತ್ತಿದರು. ತೊಯ್ದು ತೊಪ್ಪೆಯಾಗಿದ್ದ ಕಂಬಳಿಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ನನ್ನ ಪಕ್ಕದಲ್ಲಿ ಕೂತರು. ಒದ್ದೆ ಉಣ್ಣೆಯ ವಾಸನೆ, ಅದರ ಜೊತೆಗೆ ಕುರಿಯದು, ಒಲೆ ಹೊಗೆಯದು. ಮುಂದಿನ ಸೀಟಿನ ಹುಡುಗಿ ದುಪಟ್ಟಾವನ್ನು ಮೂಗಿಗೆ ಒತ್ತಿಕೊಂಡಳು. ಹಿರಿಯರು ಸಂಕೋಚದಿಂದ ನನ್ನ ಕಡೆ ತಿರುಗಿದರು.

“ವಾಸ್ನೆ ಬರ್ತೈತೇನವ್ವ? ಎದ್ದು ಹಿಂದಕ್ ಹೋಗ್ಲಾ?”

“ಎಲ್ಲೂ ಹೋಗ್ಬೇಡ್ರಿ, ಇಲ್ಲೇ ಕುಂತ್ಕಳ್ರಿ,” ಎಂದೆ.

ಅವರು ನನ್ನ ಮುಖ ನೋಡಿ, ಕಂಬಳಿಯನ್ನು ಇನ್ನಷ್ಟು ಚಿಕ್ಕದಾಗಿ ಮಡಚಿಕೊಂಡರು. ಪಾಪ, ಈಯಮ್ಮನಿಗೆ ನೆಗಡಿಯೇನೋ ಎಂದುಕೊಂಡಿರಬೇಕು. ಆದರೆ ನನಗೆ ಆ ವಾಸನೆ ಬೇಕಾಗಿತ್ತು. ಕೆಲವು ವರ್ಷಗಳ ಹಿಂದೆ ಒಂದು ಮಳೆಗಾಲ, ಶ್ರಾವಣದಿಂದ ದೀಪಾವಳಿಯವರೆಗೆ, ಕಳ್ಳನನ್ನು ಹುಡುಕುವ ಪೊಲೀಸಿನವಳಂತೆ ಒಂದು ಕಾಯಿಲೆಯ ಹಿಂದೆ ಬಿದ್ದಿದ್ದೆ. ಕಳ್ಳ ಸಿಕ್ಕಿದ. ಅವನನ್ನು ಮನೆಯೊಳಗೆ ಕೂರಿಸಿ ಬಾಗಿಲು ಹಾಕಿದ್ದವಳು ನಾನೇ ಎಂಬುದೂ ಆಗಲೇ ಗೊತ್ತಾಯಿತು.

ಆಗ ನನಗೆ ಮೂವತ್ತೆರಡು. ಚರ್ಮರೋಗದಲ್ಲಿ ಮೇಲಿನ ಓದು ಮುಗಿಸಿ ದುರ್ಗದ ಒಂದು ಆಸ್ಪತ್ರೆಗೆ ಸೇರಿದ್ದೆ. ತಲೆ ತುಂಬ ಓದು, ಬಾಯಿ ತುಂಬ ಮಾತು. ನಮ್ಮ ವಿಭಾಗದ ಹಿರಿಯರಿಗೆ ಬಹಳ ದಿನದಿಂದ ಒಂದು ಕೊರಗಿತ್ತು. ಅಲರ್ಜಿಯ ರೋಗಿಗಳು ಮೊದಲು ಹೋಗುವುದು ತಮ್ಮೂರಿನ ಡಾಕ್ಟರ ಹತ್ತಿರ. ನಮ್ಮ ಹತ್ತಿರ ಬರುವ ಹೊತ್ತಿಗೆ ಕಾಯಿಲೆ ಹಳೆಯದಾಗಿ ಬೇರು ಬಿಟ್ಟಿರುತ್ತದೆ, ಮನುಷ್ಯ ಹಣ್ಣಾಗಿರುತ್ತಾನೆ. “ಅವರನ್ನ ಇಲ್ಲಿಗೆ ಕರೆದು ಭಾಷಣ ಬಿಗಿಯೋದು ಬೇಡ. ನೀನೇ ಹೋಗಿ ಅವರ ಕ್ಲಿನಿಕ್ಕಿನಲ್ಲಿ ಕೂತ್ಕೋ. ಅವರು ನೋಡೋ ರೋಗೀನ ಅವರ ಜೊತೆಗೇ ನೋಡು. ಒಂದು ವರ್ಷ,” ಎಂದರು. ಮಂಗಳವಾರ ಹೊಳಲ್ಕೆರೆ, ಬುಧವಾರ ಹೊಸದುರ್ಗ, ಗುರುವಾರ ಹಿರಿಯೂರು ಕಡೆ. ಶಿಕ್ಷೆಯೋ ಬಡ್ತಿಯೋ ತಿಳಿಯದೆ ಒಪ್ಪಿಕೊಂಡೆ.

ನನ್ನ ಚೀಲದಲ್ಲಿ ಇದ್ದ ದೊಡ್ಡ ಆಯುಧವೆಂದರೆ ಬೆನ್ನಿಗೆ ಅಂಟಿಸುವ ಪಟ್ಟಿಗಳು. ಯಾವ ಯಾವ ವಸ್ತುವಿನ ಮೇಲೆ ಅನುಮಾನವೋ ಅದನ್ನೆಲ್ಲ ಬಿಲ್ಲೆ ಬಿಲ್ಲೆಯಾಗಿ ಪಟ್ಟಿಗೆ ಹಚ್ಚಿ ಬೆನ್ನಿಗೆ ಅಂಟಿಸುವುದು, ಎರಡು ದಿನ ಬೆನ್ನಿಗೆ ನೀರು ಸೋಕಿಸದೆ ಬಿಟ್ಟು ತೆಗೆಯುವುದು, ಮಾರನೆಯ ದಿನ ಮತ್ತೊಮ್ಮೆ ನೋಡುವುದು. ಎಲ್ಲಿ ಕೆಂಪಗೆ ಉಬ್ಬಿದೆಯೋ ಅದೇ ಅಪರಾಧಿ. ಈ ಪಟ್ಟಿ ಹಿಡಿದುಕೊಂಡು ನಾನು ಮೂರು ತಾಲ್ಲೂಕು ಗೆದ್ದು ಬರುತ್ತೇನೆಂದು ಹೊರಟಿದ್ದೆ.

ಹೊಳಲ್ಕೆರೆಯ ಡಾಕ್ಟರು ಯಾರು ಸೀನಿದರೂ ‘ಡಸ್ಟ್ ಅಲರ್ಜಿ’ ಎಂದು ಬರೆದು ಮುಗಿಸುತ್ತಿದ್ದರು. ಯಾವ ಧೂಳು, ಯಾವ ಹೊತ್ತಿನಲ್ಲಿ ಎಂದು ಕೇಳುವುದನ್ನು ನಾವಿಬ್ಬರೂ ಒಟ್ಟಿಗೆ ಕಲಿತೆವು. ಹೊಸದುರ್ಗದ ಡಾಕ್ಟರಮ್ಮ ಅಡ್ರಿನಾಲಿನ್ ಇಂಜೆಕ್ಷನ್ನನ್ನು ಡ್ರಾಯರಿನ ಮೂಲೆಯಲ್ಲಿ ಇಟ್ಟು ಅದರ ಹತ್ತಿರ ಹೋಗಲೇ ಹೆದರುತ್ತಿದ್ದರು. ಮೈಯೆಲ್ಲ ದದ್ದೆದ್ದು ಉಸಿರು ಕಟ್ಟುತ್ತಿರುವವನಿಗೆ ಮೊದಲು ಕೊಡಬೇಕಾದದ್ದು ಅದೇ, ತೊಡೆಗೆ ಕೊಡಿ, ಕಾಯಬೇಡಿ ಎಂದು ನಾನು ವಾರವಾರವೂ ಹೇಳಿದ್ದೇ ಹೇಳಿದ್ದು. ಒಂದು ಮಧ್ಯಾಹ್ನ ಫೋನು ಬಂತು. “ಜೇನು ಕಚ್ಚಿಸ್ಕೊಂಡು ಬಂದಿದ್ದ ಕಣ್ರಿ, ತುಟಿಯೆಲ್ಲ ಊದಿ ನಾಲಿಗೇನೇ ಹೊರಳ್ತಿರ್ಲಿಲ್ಲ. ಕೊಟ್ಬಿಟ್ಟೆ! ಈಗ ಟೀ ಕೇಳ್ತಾ ಕುಂತವ್ನೆ!” ಆಯಮ್ಮನ ದನಿ ನಡುಗುತ್ತಿತ್ತು. ಅವನನ್ನು ಟೀ ಕುಡಿಸಿ ಕಳಿಸಿಬಿಡಬೇಡಿ, ಆಸ್ಪತ್ರೆಗೆ ಸೇರಿಸಿ ಒಂದು ದಿನ ನೋಡಿಕೊಳ್ಳಲಿ ಎಂದು ಹೇಳಿ ಫೋನಿಟ್ಟ ಮೇಲೆ ನಾನೂ ಒಂದು ಟೀ ಕುಡಿದೆ.

ಗುರುವಾರಗಳು ಮಾತ್ರ ನನ್ನ ಕೈಗೆ ಸಿಗಲಿಲ್ಲ. ಹಿರಿಯೂರಿನ ಹತ್ತಿರದ ಆದಿವಾಲವೆಂಬ ಊರಿನ ರುದ್ರಪ್ಪ ಡಾಕ್ಟ್ರಿಗೆ ಅರವತ್ತೆಂಟು ವಯಸ್ಸು. ಎರಡು ಕೋಣೆಯ ಕ್ಲಿನಿಕ್ಕು, ಹೊರಗೆ ಸಿಮೆಂಟಿನ ಕಟ್ಟೆ, ಕಟ್ಟೆ ತುಂಬ ಜನ. ಮೂರು ತಲೆಮಾರಿನ ನಾಡಿ ಹಿಡಿದ ಕೈ. ರೋಗಿ ಬಂದು ಕೂತರೆ ಕಾಯಿಲೆಗಿಂತ ಮೊದಲು ಅತ್ತೆಯ ಮಂಡಿ, ಮಗನ ಪರೀಕ್ಷೆ, ಕಡಲೆಕಾಯಿ ಕಿತ್ತರೋ ಇಲ್ಲವೋ ಎಲ್ಲ ವಿಚಾರಣೆಯಾಗಬೇಕು. ನಾನು ಗಡಿಯಾರ ನೋಡುತ್ತಿದ್ದೆ.

“ಬರ್ರಿ ಮೇಡಂ, ಕುಂತ್ಕಳ್ರಿ,” ಎಂದರು ಮೊದಲ ದಿನ. “ಪಾಠ ಹೇಳಾಕೆ ಬಂದೀರಂತೆ. ನಲವತ್ತು ವರ್ಷ ಆದ್ಮೇಲೆ ಮತ್ತೆ ಸ್ಕೂಲು!” ನಕ್ಕರು. ಕಣ್ಣು ನಗಲಿಲ್ಲ.

ಶ್ರಾವಣದ ಮೊದಲ ವಾರ ಅಲ್ಲಿಗೆ ಬಂದವರು ಮಾಳಮ್ಮ. ಐವತ್ತೈದರ ಆಸುಪಾಸು, ಎತ್ತರದ ಆಳು. ರೆಪ್ಪೆಗಳು ದಪ್ಪಗಾಗಿ ಕಣ್ಣು ಅರ್ಧ ಮುಚ್ಚಿದ್ದವು. ಹಣೆ, ಕೆನ್ನೆ, ಕತ್ತು ಎಲ್ಲ ಕಪ್ಪಿಟ್ಟು ಒರಟಾಗಿ ಬಿರಿದಿದ್ದವು. ಮೊಣಕೈ ಮಡಿಕೆಗಳಲ್ಲಿ ಕೆರೆದ ಗಾಯ. ಆಕೆ ಒಳಗೆ ಬರಲೇ ಇಲ್ಲ, ಬಾಗಿಲ ಮೆಟ್ಟಿಲ ಮೇಲೆ ನಿಂತರು.

“ಒಳಗೆ ಬನ್ನಿ,” ಎಂದೆ.

“ಬ್ಯಾಡವ್ವ, ಇಲ್ಲೇ ಇರ್ತೀನಿ. ಬೇರೆಯೋರ್ಗೆ ಹತ್ತೀತು.”

ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಮಗ ಕುರಿ ನೋಡಿಕೊಳ್ಳುತ್ತಿದ್ದ. ನಾಲೆಯ ಪಕ್ಕದ ಎರಡು ಎಕರೆಯಲ್ಲಿ ಮಾಳಮ್ಮ ಸೇವಂತಿಗೆ ಬೆಳೆಯುತ್ತಿದ್ದರು. ಕಳೆ ಕೀಳುವುದು, ಹೂ ಬಿಡಿಸುವುದು, ಮಾರುಗಟ್ಟಲೆ ಕಟ್ಟುವುದು ಎಲ್ಲ ಅವರದೇ ಕೈ. ಎರಡು ವರ್ಷದಿಂದ ಈ ತುರಿಕೆ. ರುದ್ರಪ್ಪ ಡಾಕ್ಟ್ರು ತಿಂಗಳಿಗೊಂದು ಸ್ಟೆರಾಯ್ಡ್ ಸೂಜಿ ಹಾಕುತ್ತಿದ್ದರು. ಹದಿನೈದು ದಿನ ಆರಾಮ, ಆಮೇಲೆ ಮತ್ತೆ ಅದೇ. ಜೊತೆಗೊಂದು ಪಥ್ಯದ ಚೀಟಿ: ಬದನೆಕಾಯಿ ನಂಜು, ಕಡಲೆಬೀಜ ನಂಜು, ಮಾಂಸ ನಂಜು, ಮೊಟ್ಟೆ ನಂಜು. ಎರಡು ವರ್ಷದಿಂದ ಆಕೆ ಮುದ್ದೆ, ಮಜ್ಜಿಗೆ, ಅನ್ನ, ತಿಳಿಸಾರಿನಲ್ಲೇ ದಿನ ತಳ್ಳುತ್ತಿದ್ದರು.

“ಬೇರೇನು ತೊಂದ್ರೆ?” ಎಂದೆ.

“ಕೂಸು ಬಂದೈತವ್ವ ಮನ್ಗೆ. ಮೊಮ್ಮಗಳು. ಸೊಸೆ ಬಾಣಂತನ ಮುಗಿಸ್ಕಂಡು ತೌರಿಂದ ಬಂದು ಎರಡು ತಿಂಗ್ಳಾತು. ಇನ್ನೂ ಎತ್ಕಂಡಿಲ್ಲ.”

“ಯಾಕೆ? ಸೊಸೆ ಕೊಡಲ್ವಾ?”

“ಅಯ್ಯೋ, ಅವ್ಳು ದಿನಾ ತಂದು ಮುಂದ್ ಹಿಡೀತಾಳೆ. ನಾನೇ ಬ್ಯಾಡ ಅಂತೀನಿ. ಎಳೇ ಮೈ. ನನ್ ತಾಟು ಬ್ಯಾರೆ ಇಟ್ಕಂಡೀನಿ, ಕುರಿ ಚಪ್ಪರದಾಗೆ ಮಲ್ಕತೀನಿ.” ಆಮೇಲೆ ಮೆಲ್ಲಗೆ, “ಡಾಕ್ಟ್ರೂ ಹಂಗೇ ಹೇಳಿದ್ರಲ್ಲ,” ಎಂದರು.

ರುದ್ರಪ್ಪ ಡಾಕ್ಟ್ರು ಚೀಟಿ ಪುಸ್ತಕದಲ್ಲಿ ಏನೋ ಹುಡುಕತೊಡಗಿದರು. ಆಮೇಲೆ ಗೊತ್ತಾಯಿತು: ಎರಡು ತಿಂಗಳ ಹಿಂದೆ, ಕಟ್ಟೆ ತುಂಬ ಜನ ಇದ್ದ ಒಂದು ಬೆಳಿಗ್ಗೆ, ‘ಇದು ಕೂಸಿಗೆ ಹತ್ತುತ್ತಾ?’ ಎಂದು ಆಕೆ ಕೇಳಿದ್ದರು. ‘ಸ್ವಲ್ಪ ದೂರಾನೇ ಇರು’ ಎಂದು ಇವರು ತಲೆಯೆತ್ತದೆ ಹೇಳಿ ಮುಂದಿನವರನ್ನು ಕರೆದಿದ್ದರು. ಅಷ್ಟೇ ನಡೆದದ್ದು.

ನನಗೆ ಸಿಟ್ಟು ನೆತ್ತಿಗೇರಿತು. ಇದು ಅಂಟುರೋಗವಲ್ಲ, ಅಲರ್ಜಿ, ಯಾರನ್ನು ಮುಟ್ಟಿದರೂ ಹತ್ತುವುದಿಲ್ಲ, ಇವತ್ತೇ ಹೋಗಿ ಮಗು ಎತ್ತಿಕೊಳ್ಳಿ ಎಂದು ದೊಡ್ಡ ದನಿಯಲ್ಲಿ ಹೇಳಿದೆ. ಮಾಳಮ್ಮ ಎಲ್ಲವನ್ನೂ ಕೇಳಿಸಿಕೊಂಡು, ಕೊನೆಗೆ ರುದ್ರಪ್ಪ ಡಾಕ್ಟ್ರ ಕಡೆ ತಿರುಗಿದರು.

“ಹೌದೇನ್ರೀ?”

“ಮೇಡಂ ಹೇಳ್ತಾರಲ್ಲ,” ಎಂದರು ಅವರು.

ಹೌದು ಎನ್ನಲಿಲ್ಲ. ಮಾಳಮ್ಮನಿಗೆ ಅದು ಕೇಳಿಸಿತು. ಸೆರಗು ಸರಿಮಾಡಿಕೊಂಡು ಮೆಟ್ಟಿಲಲ್ಲೇ ನಿಂತರು.

ಅವತ್ತು ಮಧ್ಯಾಹ್ನ ನನಗೂ ರುದ್ರಪ್ಪ ಡಾಕ್ಟ್ರಿಗೂ ಜಗಳವಾಯಿತು. ತಿಂಗಳಿಗೊಂದು ಸ್ಟೆರಾಯ್ಡ್ ಸೂಜಿ ಹಾಕುತ್ತಾ ಹೋದರೆ ಸಕ್ಕರೆ ಕಾಯಿಲೆ ಬರುತ್ತದೆ, ಮೂಳೆ ಟೊಳ್ಳಾಗುತ್ತದೆ, ಕಾರಣ ಹುಡುಕದೆ ಬೂದಿ ಮುಚ್ಚುವ ಕೆಲಸ ಇದು ಎಂದೆ. ಅವರು ತಡೆದು ತಡೆದು ಹೇಳಿದರು: “ಸೂಜಿ ಹಾಕಿದ್ರೆ ಆಯಮ್ಮಂಗೆ ಹದಿನೈದು ದಿನ ನಿದ್ದೆ ಬರ್ತೈತೆ. ನೀವು ಏನ್ ಕೊಡ್ತೀರಿ, ಹೇಳ್ರಿ.” ನಾನು ಕೊಟ್ಟೆ. ಸೂಜಿ ಬಂದ್. ಮುಲಾಮು. ಪಥ್ಯದ ಚೀಟಿ ಹರಿದು ಹಾಕಿ, ಮೆಟ್ಟಿಲಲ್ಲೇ ಕಾದಿದ್ದ ಮಾಳಮ್ಮನಿಗೆ ಬದನೆಕಾಯಿ ಧಾರಾಳವಾಗಿ ತಿನ್ನಿ ಎಂದೆ. ಅದನ್ನು ಕೇಳಿ ಮಾತ್ರ ಆಕೆಯ ಮುಖ ಅರಳಿತು. ಕಾರಣವೂ ನನಗೆ ಕಣ್ಣ ಮುಂದೆಯೇ ಇತ್ತು. ರಸ್ತೆ ಬದಿ, ಬದು, ನಾಲೆ ದಂಡೆ, ಎಲ್ಲೆಲ್ಲೂ ಸೊಂಟದೆತ್ತರ ಬೆಳೆದ ಪಾರ್ಥೇನಿಯಂ, ಊರವರು ಹೇಳುವ ಕಾಂಗ್ರೆಸ್ ಗಿಡ. ಅದರ ಪುಡಿ ಗಾಳಿಯಲ್ಲಿ ಹಾರಿ ಬಂದು ಮೈಗೆ ತಾಗಿದರೆ ಕೆಲವರಿಗೆ ಹೀಗೆ ಆಗುತ್ತದೆ. ಮುಖ, ಕತ್ತು, ರೆಪ್ಪೆ, ತೆರೆದಿರುವ ಜಾಗದಲ್ಲೆಲ್ಲ.

“ಇನ್ಮೇಲೆ ಕಳೆ ಕೀಳೋದು ಬೇರೆಯವರ ಕೈಲಿ ಮಾಡಿಸಿ. ಹೊಲಕ್ಕೆ ಹೋಗೋದೇ ಆದ್ರೆ ತಲೆ, ಹಣೆ, ಕತ್ತು ಪೂರ್ತಿ ಮುಚ್ಕೊಳ್ಳಿ. ದಪ್ಪಗೆ. ಗಾಳಿ ಆಡಬಾರದು,” ಎಂದೆ.

“ದಪ್ಪಗೇ ಮುಚ್ಕತೀನವ್ವ,” ಎಂದರು ಮಾಳಮ್ಮ.

ಮೂರು ವಾರ ಕಳೆದಿರಬೇಕು. ಆ ವರ್ಷ ಹಿರಿಯೂರು ಸೀಮೆಗೆ ಅಪರೂಪಕ್ಕೆ ಒಳ್ಳೆಯ ಸೋನೆ ಹಿಡಿದಿತ್ತು. ಕಪ್ಪು ನೆಲ ಅಂಟಂಟಾಗಿ, ಹೊಲಕ್ಕೆ ಇಳಿದವರ ಚಪ್ಪಲಿ ಅರ್ಧ ದಾರಿಯಲ್ಲೇ ಉಳಿಯುತ್ತಿದ್ದವು. ಮಂಗಳವಾರ ಹೊಳಲ್ಕೆರೆಯಲ್ಲಿ ಇದ್ದಾಗ ರುದ್ರಪ್ಪ ಡಾಕ್ಟ್ರ ಫೋನು. “ಮೇಡಂ, ಮಾಳಮ್ಮನ ಕಣ್ಣೇ ಬಿಡಾಕ್ ಆಗ್ತಿಲ್ಲ. ಬರ್ತೀರಾ?” ದನಿಯಲ್ಲಿ ‘ನಾನು ಹೇಳಲಿಲ್ಲವಾ’ ಎಂಬುದು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಹೋಗಿ ನೋಡಿದರೆ ಗುರುತೇ ಸಿಗದ ಮುಖ. ಊದಿ, ನೀರು ಸೋರಿ, ಹಣೆಯ ಮೇಲೆ ಗಡಿ ಎಳೆದಂತೆ ಕೆಂಪು. ಸೊಸೆ ಪವಿತ್ರ ಕೈಹಿಡಿದು ಕರೆತಂದಿದ್ದಳು. ನನಗೆ ಹೆದರಿಕೆಯಾಯಿತು. ಹೆದರಿಕೆಯಾದಾಗ ನಾನು ಬೈಯುತ್ತೇನೆ. ನನ್ನ ಈ ಕೆಟ್ಟ ಗುಣ ಇವತ್ತಿಗೂ ಪೂರ್ತಿ ಹೋಗಿಲ್ಲ.

“ನಾನು ಹೇಳಿದ್ದು ಯಾವುದೂ ಮಾಡಿಲ್ಲ ನೀವು! ಮುಚ್ಕೊಳ್ಳದೆ ಹೊಲಕ್ಕೆ ಹೋಗಿದ್ದೀರಿ!”

“ಒಂದಿನಾನೂ ತಪ್ಪಿಸಿಲ್ಲವ್ವ,” ಎಂದರು ಮಾಳಮ್ಮ, ಕಣ್ಣು ಕಾಣದೆ ದನಿ ಬಂದ ಕಡೆಗೆ ಮುಖ ತಿರುಗಿಸಿ. “ಕಳೆ ಮುಟ್ಟಿಲ್ಲ. ಹೂ ಬಿಡ್ಸಾಕೆ ಹೋದ್ರೂ ಮುಚ್ಕಂಡೇ ಹೋಗೀನಿ.”

ನಾನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ರುದ್ರಪ್ಪ ಡಾಕ್ಟ್ರು ಅಡ್ಡ ಬಂದರು. “ನಲವತ್ತು ವರ್ಷದಾಗೆ ಈಯಮ್ಮ ನಂಗೆ ಸುಳ್ಳು ಹೇಳಿಲ್ಲ ಮೇಡಂ. ಮೊದ್ಲು ಮಾತ್ರೆ ಶುರು ಮಾಡಾಣ, ನೀವೇ ಲೆಕ್ಕ ಹೇಳ್ರಿ. ಆಮೇಲೆ ಇವರ ಮನೆಗೆ ಹೋಗಾಣ.”

“ಮನೆಗೆ? ಯಾಕೆ?”

“ಪುಸ್ತಕದಾಗೆ ಇರೋದು ನಿಮಗೆ ಗೊತ್ತೈತೆ. ಮನೇಲಿ ಇರೋದು ನಮ್ಮಿಬ್ರಿಗೂ ಗೊತ್ತಿಲ್ಲ.”

ನಾಲ್ಕು ದಿನ ದೊಡ್ಡ ಪ್ರಮಾಣ, ಆಮೇಲೆ ಇಳಿಸುತ್ತಾ ಬಂದು ನಿಲ್ಲಿಸಬೇಕಾದ ಸ್ಟೆರಾಯ್ಡ್ ಮಾತ್ರೆಯನ್ನು ಬರೆದುಕೊಟ್ಟೆವು. ಗುರುವಾರ ರುದ್ರಪ್ಪ ಡಾಕ್ಟ್ರ ಹಳೆಯ ಸ್ಕೂಟರಿನ ಹಿಂದೆ ಚೀಲ ತಬ್ಬಿಕೊಂಡು ಕೂತೆ. ಎರಡು ಸಲ ಕೆಸರಿನಲ್ಲಿ ಇಳಿದು ತಳ್ಳಿದೆವು. ತಳ್ಳುವಾಗ ಅವರು ನನ್ನ ಕಡೆ ನೋಡಿ ಮೊದಲ ಸಲ ಕಣ್ಣಿನಿಂದಲೂ ನಕ್ಕರು.

ಮಾಳಮ್ಮನ ಅಂಗಳದ ತುಂಬ ಹೂವಿನ ಘಾಟು ವಾಸನೆ. ಪವಿತ್ರ ಬಾಗಿಲಲ್ಲಿ ನಿಂತಿದ್ದಳು, ಕಂಕುಳಲ್ಲಿ ದುಂಡನೆಯ ಹೆಣ್ಣುಮಗು. ಮಾಳಮ್ಮ ಅಂಗಳದ ಆ ಕೊನೆಯಲ್ಲಿ, ಕುರಿ ಚಪ್ಪರದ ಕಂಬಕ್ಕೆ ಒರಗಿ ಕೂತಿದ್ದರು. ಊತ ಅರ್ಧ ಇಳಿದಿತ್ತು. ಮಗು ಕೈಕಾಲು ಬಡಿಯುವುದನ್ನು ಆಕೆ ಅಷ್ಟು ದೂರದಿಂದ ಅರೆತೆರೆದ ಕಣ್ಣಲ್ಲಿ ನೋಡುತ್ತಿದ್ದರು. ಪವಿತ್ರ ನಮಗೆ ಟೀ ತಂದುಕೊಡುತ್ತಾ, “ನೀವಾದ್ರೂ ಹೇಳ್ರಿ ಡಾಕ್ಟ್ರೇ. ನಂಗೇನೂ ಭಯ ಇಲ್ಲ. ಅತ್ತೆ ಹಿಂಗೆ ಮಳೆಯಾಗೆ ಹೊರಗೆ ಮಲಗಿದ್ರೆ ನಂಗೆ ಒಳಗೆ ಅನ್ನ ಇಳಿಯಲ್ಲ,” ಎಂದಳು. ರುದ್ರಪ್ಪ ಡಾಕ್ಟ್ರು ಟೀ ಲೋಟವನ್ನು ತಿರುಗಿಸುತ್ತಾ ಕೂತರು.

“ಹೊಲಕ್ಕೆ ಹೋಗುವಾಗ ಹೇಗೆ ಮುಚ್ಕೊಳ್ತಿದ್ರಿ, ಒಂದ್ಸಲ ತೋರಿಸಿ,” ಎಂದೆ.

ಚಪ್ಪರದ ಕೆಳಗೆ ಒಂದು ಕರೀ ಕಂಬಳಿ ಹಾಸಿತ್ತು. ಅದರ ಮೇಲೆ ಬೆಳಿಗ್ಗೆ ಬಿಡಿಸಿದ ಸೇವಂತಿಗೆ ರಾಶಿ. ಮಾಳಮ್ಮ ಎದ್ದು, ಹೂವನ್ನೆಲ್ಲ ಪುಟ್ಟಿಗೆ ತುಂಬಿ, ಕಂಬಳಿಯನ್ನು ಒಮ್ಮೆ ಕೊಡವಿದರು. ಮೂಲೆ ಸೇರಿಸಿ ಮಡಚಿ, ಮಳೆಗೆ ಎಲ್ಲರೂ ಹಾಕಿಕೊಳ್ಳುವ ಹಾಗೆ ಕೊಪ್ಪೆ ಮಾಡಿ ತಲೆಗೇರಿಸಿದರು. ಅಂಚು ಹಣೆಯ ಮೇಲೆ, ಬದಿಗಳು ಎರಡು ಕೆನ್ನೆಗೆ, ಕೆಳಗೆ ಕತ್ತಿನ ಸುತ್ತ ಬಿಗಿಯಾಗಿ.

“ಹಿಂಗೆ. ದಪ್ಪಗೆ ಅಂದ್ರಲ್ಲವ್ವ. ಇದಕ್ಕಿಂತ ದಪ್ಪ ಮನೇಲಿ ಯಾವ್ದೂ ಇಲ್ಲ.”

ನಾನೂ ರುದ್ರಪ್ಪ ಡಾಕ್ಟ್ರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಉಣ್ಣೆಯ ಎಳೆಗಳಲ್ಲಿ ಹಳದಿ ಎಸಳು ಸಿಕ್ಕಿಕೊಂಡಿದ್ದವು. ಒಣಗಿ ಪುಡಿಯಾದ ಹೂವು, ಎಲೆಯ ಚೂರು, ಹೊಲದ ಬದುವಿನಿಂದ ಅಂಟಿಬಂದ ಆ ಕಳೆಯ ಬಿಳೀ ಹೂವಿನ ಪುಡಿ. ಹಣೆಯ ಮೇಲೆ ಗಡಿ ಎಳೆದಂತಿದ್ದ ಕೆಂಪು ಎಲ್ಲಿತ್ತೋ ಕಂಬಳಿಯ ಅಂಚೂ ಅಲ್ಲೇ ಕೂತಿತ್ತು. ಸೇವಂತಿಗೆಯೂ ಪಾರ್ಥೇನಿಯಮ್ಮೂ ಒಂದೇ ಕುಟುಂಬದ ಗಿಡಗಳು. ಒಂದಕ್ಕೆ ಒಗ್ಗದ ಮೈ ಎಷ್ಟೋ ಸಲ ಇನ್ನೊಂದಕ್ಕೂ ಒಗ್ಗುವುದಿಲ್ಲ. ಇದನ್ನು ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಹೂ ಬೆಳೆಯುವವಳು ಎದುರಿಗೆ ನಿಂತಾಗ ಕಳೆಯೊಂದೇ ಕಂಡಿತ್ತು ನನಗೆ. ಆಕೆಗೆ ನಾನು ಹೇಳಿದ ಮದ್ದು ಇದು: ವಿಷವನ್ನು ದಪ್ಪಗೆ ಮುಖಕ್ಕೆ ಸುತ್ತಿಕೋ. ಆಕೆ ಒಂದು ದಿನವೂ ತಪ್ಪಿಸದೆ ಸುತ್ತಿಕೊಂಡಿದ್ದರು. ನನಗೆ ಅಲ್ಲೇ ಕೂತು ಅತ್ತುಬಿಡಬೇಕೆನಿಸಿತು.

“ಇದನ್ನು ಒಗೆಯೋದು ಯಾವಾಗ?” ಎಂದು ಕೇಳಿದೆ.

“ಕಂಬ್ಳೀನ ಯಾರಾದ್ರೂ ಒಗೀತಾರೇನವ್ವ? ಬಿಸಿಲಿಗೆ ಹಾಕ್ತೀವಿ.” ಆಕೆಗೆ ನನ್ನ ಅಜ್ಞಾನ ಕಂಡು ನಗು. “ಕಂಬ್ಳಿಗೆ ಮೈಲ್ಗೆ ಅನ್ನೋದಿಲ್ಲ. ಅದಕ್ಕೇ ದೇವ್ರ ಹೂವಾ ನೆಲಕ್ ಸುರೀದೆ ಇದ್ರ ಮೇಲೇ ಸುರಿಯೋದು. ನಮ್ ಮದ್ವೇಲಿ ಹಾಸಿದ್ ಕಂಬ್ಳಿ ಇದು.”

ವಿಷಯ ಬಿಡಿಸಿ ಹೇಳಿದಾಗ ನಗು ಹೋಯಿತು. ಹೂ ಕಟ್ಟುವುದನ್ನು ಬಿಡಲು ಒಪ್ಪಿದರು, ಪವಿತ್ರ ಕಟ್ಟುತ್ತೇನೆಂದಳು. ಹೂವನ್ನು ಇನ್ನು ಮೇಲೆ ತೊಳೆದ ಟಾರ್ಪಾಲಿನ ಮೇಲೆ ಸುರಿಯಲೂ ಒಪ್ಪಿದರು. ಕಂಬಳಿಯನ್ನು ಟ್ರಂಕಿಗೆ ಹಾಕಿ ಬೀಗವನ್ನೂ ಹಾಕಿದರು. ಆದರೆ ಅದರದೇ ತಪ್ಪೆಂದು ಮಾತ್ರ ಒಪ್ಪಲಿಲ್ಲ. “ಬದ್ನೆಕಾಯಿ ಬೇಕಾದ್ರೆ ಇನ್ನೊಂದ್ ಎರಡು ವರ್ಷ ಬಿಡ್ತೀನಿ. ಕಂಬ್ಳಿ ಹೆಸ್ರು ಕೆಡಿಸ್ಬೇಡ್ರಿ,” ಎಂದರು.

ವಾಪಸು ಬರುವಾಗ ರುದ್ರಪ್ಪ ಡಾಕ್ಟ್ರು ಸ್ಕೂಟರು ನಿಲ್ಲಿಸಿ ಹಿಂದಕ್ಕೆ ತಿರುಗಿದರು. “ಮೇಡಂ, ನಿಮ್ ಪಟ್ಟೀಲಿ ಕಂಬಳೀನೇ ಹಚ್ಚಾಕ್ ಬರಲ್ವಾ? ತೊಳೆದ ಚೂರು ಒಂದು, ತೊಳೀದೆ ಇರೋದು ಒಂದು. ಆಯಮ್ಮ ನಮ್ಮ ಮಾತು ನಂಬಲ್ಲ. ತನ್ನ ಬೆನ್ನು ಹೇಳಿದ್ರೆ ನಂಬ್ತಾಳೆ.” ರೋಗಿಯ ಸ್ವಂತ ವಸ್ತುವನ್ನೇ ಹಚ್ಚಿ ನೋಡಬೇಕೆಂದು ನನ್ನ ಪುಸ್ತಕದಲ್ಲೇ ಬರೆದಿದೆ. ನನಗೆ ಹೊಳೆದಿರಲಿಲ್ಲ, ಅವರಿಗೆ ಹೊಳೆಯಿತು. ಆ ದಿನದಿಂದ ನಾನು ಗುರುವಾರ ಗಡಿಯಾರ ನೋಡುವುದನ್ನು ಬಿಟ್ಟೆ.

ಪಟ್ಟಿ ಅಂಟಿಸುವ ಮೊದಲು ಸೂಜಿಯ ಪ್ರಭಾವ ಇಳಿಯಬೇಕು, ಮಾತ್ರೆ ನಿಂತು ಕೆಲವು ವಾರ ಕಳೆಯಬೇಕು, ಇಲ್ಲದಿದ್ದರೆ ಬೆನ್ನು ನಿಜ ಹೇಳುವುದಿಲ್ಲ. ಅಷ್ಟರವರೆಗೆ ಕಾದೆವು. ಮಾಳಮ್ಮ ಹೊಲದಿಂದ ದೂರವಿದ್ದರು. ಎರಡು ಹೊತ್ತು ಸ್ನಾನ, ದಿನಾ ಒಗೆದ ಬಿಳೀ ಹತ್ತಿಬಟ್ಟೆ ತಲೆಗೆ, ಮುಲಾಮು. ಮಹಾನವಮಿ ಹೊತ್ತಿಗೆ ರೆಪ್ಪೆ ತೆಳುವಾಗಿ, ಆಕೆಯ ಕಣ್ಣು ಕಂದು ಬಣ್ಣದ್ದೆಂದು ನನಗೆ ಗೊತ್ತಾಯಿತು. ಕತ್ತಿನ ಕಪ್ಪು ತಿಳಿಯಾಗುತ್ತಿತ್ತು. ಆದರೂ ತಾಟು ಬೇರೆಯೇ ಇತ್ತು, ಹಾಸಿಗೆ ಚಪ್ಪರದಲ್ಲೇ ಇತ್ತು. “ಪೂರ್ತಿ ಹೋಗ್ಲಿ ತಡೀರಿ,” ಎನ್ನುತ್ತಿದ್ದರು.

ದೀಪಾವಳಿಗೆ ಮುಂಚಿನ ಸೋಮವಾರ ಪಟ್ಟಿ ಅಂಟಿಸಿದ್ದು ರುದ್ರಪ್ಪ ಡಾಕ್ಟ್ರೇ. ಕಂಬಳಿಯ ಮೂಲೆಯಿಂದ ಉಗುರಿನಷ್ಟಗಲದ ಎರಡು ಚೂರನ್ನು ಮಾಳಮ್ಮ ತಾವೇ ಕತ್ತರಿಸಿಕೊಟ್ಟಿದ್ದರು. ಬೇರೆಯವರ ಕೈಗೆ ಕತ್ತರಿ ಕೊಡಲಿಲ್ಲ. ಬುಧವಾರ ಡಾಕ್ಟ್ರು ಪಟ್ಟಿ ತೆಗೆದು, ಪೆನ್ನಿನಿಂದ ಗುರುತು ಹಾಕಿ, ನನಗೆ ಫೋನು ಮಾಡಿ, “ನಾನು ಹೇಳಲ್ಲ, ನಾಳೆ ನೀವೇ ಬಂದು ನೋಡ್ರಿ,” ಎಂದು ಇಟ್ಟುಬಿಟ್ಟರು. ಪರೀಕ್ಷೆ ಬರೆದ ಹುಡುಗನ ಖುಷಿ ಆ ದನಿಯಲ್ಲಿತ್ತು.

ಗುರುವಾರ ಮತ್ತೆ ಆ ಅಂಗಳ. ಮಗುವನ್ನು ಚಾಪೆಯ ಮೇಲೆ ಕೂರಿಸಿ ಪವಿತ್ರ ಅತ್ತೆಯ ರವಿಕೆಯ ಗುಂಡಿ ಬಿಚ್ಚಿ ಬೆನ್ನು ತೋರಿಸಿದಳು. ತನ್ನ ಬೆನ್ನು ತನಗೆ ಕಾಣದಲ್ಲ, ಹಾಗಾಗಿ ಮಾಳಮ್ಮನಿಗೆ ಓದಿ ಹೇಳುವ ಕೆಲಸವೂ ಅವಳದೇ. ಅವಳು ಬೆರಳಿಟ್ಟು ಹೇಳುತ್ತಾ ಹೋದಳು.

“ಇದು ಕಾಂಗ್ರೆಸ್ ಗಿಡದ್ದು ಅತ್ತೆ. ಗುಳ್ಳೆ ಎದ್ದೈತೆ. ಇದು ಸೇವಂತಿಗೆದು, ಇದೂ ಹಂಗೇ ಕೆಂಪಗೆ ಉಬ್ಬೈತೆ.”

“ಅಂದ್ರೆ ನಮ್ ಹೂವೂ ಆ ದರಿದ್ರ ಕಳೇನೂ ಬೀಗರೇನು?” ಎಂದರು ಮಾಳಮ್ಮ.

“ಬೀಗರಲ್ಲ, ಅಣ್ಣ ತಮ್ಮ,” ಎಂದರು ಡಾಕ್ಟ್ರು.

“ಇದು ತೊಳೀದೆ ಇರೋ ಕಂಬ್ಳಿ. ಕೆಂಪಗೈತೆ.” ಪವಿತ್ರ ತಡೆದಳು, ಬಾಗಿ ನೋಡಿದಳು. “ಇದು ತೊಳೆದದ್ದು. ಏನೂ ಇಲ್ಲ ಅತ್ತೆ! ಗುರುತೇ ಇಲ್ಲ!”

“ನಾನ್ ಹೇಳ್ಲಿಲ್ವ?” ಮಾಳಮ್ಮ ಬೆನ್ನು ಮುಚ್ಚಿಕೊಳ್ಳುವುದನ್ನೂ ಮರೆತು ತಿರುಗಿದರು. “ಹೇಳ್ಲಿಲ್ವ ನಾನು? ಕಂಬ್ಳೀದು ತಪ್ಪಿಲ್ಲ!”

ಎಲ್ಲರೂ ನಕ್ಕೆವು. ತೊಳೆದರೆ ಸಾಕು, ಹೂವಿನಿಂದ ದೂರ ಇಟ್ಟರೆ ಸಾಕು, ಹೊದೆಯಬಹುದು ಎಂದೆ. ಪವಿತ್ರ ಆ ಗಳಿಗೆಗೇ ಕಾದಿದ್ದವಳಂತೆ ಚಾಪೆಯಿಂದ ಮಗುವನ್ನು ಎತ್ತಿ ಮುಂದೆ ಹಿಡಿದಳು. ಮಾಳಮ್ಮ ಎರಡು ಹೆಜ್ಜೆ ಹಿಂದೆ ಸರಿದರು. ಬೆನ್ನಿನ ಮೇಲೆ ಬರೆದಿದ್ದನ್ನೆಲ್ಲ ಓದಿಸಿಕೊಂಡೂ ಹಿಂದೆ ಸರಿದರು.

“ಬ್ಯಾಡ. ಇನ್ನೊಂದ್ ಸ್ವಲ್ಪ ದಿನ. ನನ್ ಕೈ ಇನ್ನೂ ಒರಟೈತೆ. ಹತ್ತಿದ್ರೆ ಏನ್ ಮಾಡ್ತೀಯ?”

ನಾನು ಮತ್ತೆ ಶುರುಮಾಡಬೇಕೆಂದಿದ್ದೆ, ಅಂಟುವುದಿಲ್ಲ, ಹರಡುವುದಿಲ್ಲ, ಎಲ್ಲ. ರುದ್ರಪ್ಪ ಡಾಕ್ಟ್ರು ಕೈಯೆತ್ತಿ ನನ್ನನ್ನು ತಡೆದರು. ಎದ್ದು ಆಕೆಯ ಎದುರಿಗೆ ಹೋಗಿ ನಿಂತರು.

“ಮಾಳಮ್ಮ, ಅವತ್ತು ದೂರ ಇರು ಅಂದೋನು ನಾನು. ಗೊತ್ತಿದ್ದು ಹೇಳ್ಲಿಲ್ಲ. ಜನ ಜಾಸ್ತಿ ಇದ್ರು, ಬಾಯಿಗೆ ಬಂದಿದ್ದು ಅಂದೆ. ತಪ್ಪು ನಂದು. ಐದು ತಿಂಗ್ಳು ಕೂಸನ್ನ ನಿನ್ನಿಂದ ದೂರ ಇಟ್ಟೋನು ನಾನು, ಈ ಕಾಯ್ಲೆ ಅಲ್ಲ.”

ನಲವತ್ತು ವರ್ಷ ಈ ಊರಿಗೆ ದೊಡ್ಡವರಾಗಿದ್ದ ಮನುಷ್ಯ ಸೊಸೆಯ ಮುಂದೆ, ನನ್ನ ಮುಂದೆ, ಬೇಲಿಯಾಚೆ ಇಣುಕುತ್ತಿದ್ದ ಪಕ್ಕದ ಮನೆಯವರ ಮುಂದೆ ಹೀಗೆ ನಿಂತಿದ್ದರು. ನನಗೇ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಅವರು ಬಾಗಿ ಮಾಳಮ್ಮನ ಎರಡು ಕೈಯನ್ನೂ ಹಿಡಿದುಕೊಂಡರು. ಬಿರುಕು ಬಿಟ್ಟ ಆ ಒರಟು ಅಂಗೈಗಳನ್ನು ಎತ್ತಿ, ಕನ್ನಡಕ ತೆಗೆದು, ತಮ್ಮ ಕಣ್ಣಿಗೆ ಒತ್ತಿಕೊಂಡರು. ಬಹಳ ಹೊತ್ತು ಹಾಗೇ ಹಿಡಿದಿದ್ದರು.

“ಹತ್ತೋ ಹಾಗಿದ್ರೆ ನಂಗೆ ಹತ್ತಲಿ,” ಎಂದರು.

ಮಾಳಮ್ಮ ಕೈ ಬಿಡಿಸಿಕೊಂಡು ಬಚ್ಚಲಿಗೆ ಹೋದರು. ಮುನಿಸಿಕೊಂಡರೇನೋ ಎಂದು ನಮಗೆ ಗಾಬರಿಯಾಯಿತು. ನೀರಿನ ಸದ್ದು ಕೇಳಿಸಿತು. ಹೊರಗೆ ಬಂದಾಗ ಒಗೆದ ಸೀರೆ ಉಟ್ಟು, ತಲೆಗೆ ಬಿಳೀ ಬಟ್ಟೆ ಸುತ್ತಿಕೊಂಡಿದ್ದರು. ಚಾಪೆಯ ಮೇಲೆ ಕಾಲು ಚಾಚಿ ಕೂತು, ಯಾರ ಮುಖವನ್ನೂ ನೋಡದೆ, “ತಾ ಇಲ್ಲಿ,” ಎಂದರು.

ಪವಿತ್ರ ಮಗುವನ್ನು ಆ ಮಡಿಲಲ್ಲಿ ಇಟ್ಟಳು. ಮಗುವಿಗೆ ಹತ್ತು ತಿಂಗಳು ತುಂಬುತ್ತಿತ್ತು, ಎದುರಿನವರು ಯಾರೆಂದು ತಿಳಿಯುವ ವಯಸ್ಸು. ಅದು ತಲೆಯೆತ್ತಿ ಆ ಮುಖವನ್ನು ನೋಡಿತು. ಇಷ್ಟು ಹತ್ತಿರದಿಂದ ಅದು ಎಂದೂ ನೋಡಿರದ ಮುಖ. ತುಟಿ ಸೊಟ್ಟ ಮಾಡಿತು, ಆಮೇಲೆ ಊರಿಗೇ ಕೇಳುವ ಹಾಗೆ ಕಿರುಚಿ ಅಳತೊಡಗಿತು. ಪವಿತ್ರ ಗಾಬರಿಯಿಂದ ಎತ್ತಿಕೊಳ್ಳಲು ಬಾಗಿದಳು. ಮಾಳಮ್ಮ ಒಂದು ಕೈಯಿಂದ ಅವಳನ್ನು ತಡೆದರು, ಇನ್ನೊಂದು ಕೈಯಿಂದ ಮಗುವನ್ನು ಎದೆಗೆ ಒತ್ತಿಕೊಂಡರು. ಅವರ ಕೆನ್ನೆಯೂ ಒದ್ದೆಯಾಗಿತ್ತು.

“ಅಳ್ಲಿ ಬಿಡು,” ಎಂದರು. “ಪರಿಚಯ ಆಗ್ಬೇಕಲ್ಲ.”